ಚಕ್ರ ಇಳಿಸಿದ ನ್ಯಾಟ್

ಮಾಡೆಲ್ ಮಾಡಿಸಲು ಬರುವ ಗಿರಾಕಿ ಮೊದಲು ಕೇಳುವುದು ಸೈಜು. ಆಮೇಲೆ ಕೇಳುವುದು, ಯಾವಾಗ ಕೊಡುತ್ತೀರಿ ಎಂದು. ಮೂರನೆಯ ಪ್ರಶ್ನೆಯನ್ನು ಅವನು ಕೇಳುವುದಿಲ್ಲ, ನಾವು ಕೇಳಬೇಕು: ಇದು ಯಾವ ಹೊತ್ತಿನ ವಸ್ತು? ಕಟ್ಟಡವಾದರೆ ಹಗಲೋ, ದೀಪ ಹಚ್ಚಿದ ಮೇಲೋ? ಕಾರ್ಖಾನೆಯಾದರೆ ಓಡುತ್ತಿದೆಯೋ, ನಿಂತಿದೆಯೋ? ವಿಮಾನವಾದರೆ ಆಕಾಶದಲ್ಲಿದೆಯೋ, ನೆಲದ ಮೇಲಿದೆಯೋ? ಇದನ್ನು ಕೇಳದೆ ಮರಕ್ಕೆ ಗರಗಸ ಹಾಕಬೇಡಿ. ಈಗ ಈ ಕೆಲಸಕ್ಕೆ ಬರುತ್ತಿರುವವರ ಕೈಯಲ್ಲಿ ಗರಗಸ ಇಲ್ಲ, ಮೌಸ್ ಇದೆ. ಆದರೂ ಮಾತು ಅದೇ.

ನಾನು ಕೆಲಸ ಮಾಡಿದ್ದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿದ್ದ ಒಂದು ಮಾಡೆಲ್ ವರ್ಕ್‌ಶಾಪಿನಲ್ಲಿ. ಕಾರ್ಕಳದ ಕಡೆಯಿಂದ ಬಂದವನು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರಬೇಕಿತ್ತು, ಮಾವನ ಲೆಕ್ಕಾಚಾರ ಹಾಗಿತ್ತು. ನನಗೆ ಗಿರಾಕಿಗಳ ಮುಖ ನೋಡಿ ನಗುವುದು ಬರುವುದಿಲ್ಲವೆಂದು ಅವರಿಗೆ ಬೇಗ ಗೊತ್ತಾಯಿತು. ಐಟಿಐ ಮಾಡಿಸಿ ಮರಗೆಲಸಕ್ಕೆ ಹಚ್ಚಿದರು. ಹೆಲ್ಪರ್ ಆಗಿ ಸೇರಿ ಮೇಸ್ತ್ರಿಯಾಗಿ ಹೊರಬಂದೆ. ನಡುವೆ ಯಾವಾಗ ಏನಾದೆ ಎಂಬುದು ಹೆಂಡತಿಗೂ ನೆನಪಿಲ್ಲ.

ನನಗೆ ಕೆಲಸ ಕಲಿಸಿದವರು ವಸಂತ ಉಸ್ತಾದ್. ರತ್ನಾಗಿರಿ ಕಡೆಯ ಬಡಗಿ ಮನೆತನದವರು. ಮಾತು ಕಡಿಮೆ, ಬೈಗುಳ ಅದಕ್ಕಿಂತ ಕಡಿಮೆ. ಕೆಲಸ ಕೆಟ್ಟರೆ ಏನೂ ಹೇಳದೆ ಆ ತುಂಡನ್ನು ನಮ್ಮ ಊಟದ ಡಬ್ಬಿಯ ಮೇಲೆ ಇಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಡಬ್ಬಿ ತೆರೆಯಬೇಕಾದರೆ ಅದನ್ನು ಕೈಯಾರೆ ಎತ್ತಿಡಬೇಕು. ಬೈದರೆ ಮರೆತುಬಿಡಬಹುದಿತ್ತು. ಇದು ಅನ್ನದ ಜೊತೆ ಒಳಗೆ ಇಳಿಯುತ್ತಿತ್ತು.

ಆಗ ನಮ್ಮ ಮುಖ್ಯ ಕೆಲಸ ರಾಸಾಯನಿಕ ಕಾರ್ಖಾನೆಗಳ ಪೈಪ್ ಮಾಡೆಲ್. ಕಾರ್ಖಾನೆ ಕಟ್ಟುವ ಮೊದಲು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಚಿಕ್ಕದಾಗಿ ಕಟ್ಟಿ, ಯಾವ ಪೈಪು ಯಾವುದಕ್ಕೆ ಬಡಿಯುತ್ತದೆ ಎಂದು ಇಂಜಿನಿಯರುಗಳು ಸುತ್ತ ನಿಂತು ನೋಡುತ್ತಿದ್ದರು. ಒಮ್ಮೆ ಒಂದು ಕಾರ್ಖಾನೆಯವರು ಅಮೆರಿಕದಿಂದ ಬಂದ ಡ್ರಾಯಿಂಗ್ ಕೊಟ್ಟರು. ನಾವೆಲ್ಲ ಐಟಿಐಯಲ್ಲಿ ಕಲಿತದ್ದು, ಮೇಲಿನಿಂದ ನೋಡಿದ ನೋಟವನ್ನು ಹಾಳೆಯ ಕೆಳಗೆ ಬರೆಯುವ ಪದ್ಧತಿ. ಅವರದ್ದು ಅದಕ್ಕೆ ಉಲ್ಟಾ. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ. ಅದನ್ನು ಯಾರೂ ನೋಡಲಿಲ್ಲ. ಇಡೀ ವರ್ಕ್‌ಶಾಪು ಸೇರಿ ಚೆಂದದ ಪಂಪ್‌ಹೌಸ್ ಮಾಡಿತು, ಕನ್ನಡಿಯಲ್ಲಿ ಕಂಡ ಹಾಗೆ. ಎಡಕ್ಕೆ ಇರಬೇಕಾದದ್ದು ಬಲಕ್ಕೆ. ಇಂಜಿನಿಯರ್ ಸಾಹೇಬರು ಬಹಳ ಹೊತ್ತು ನೋಡಿ, "ಎಲ್ಲ ಸರಿಯಾಗಿದೆ, ಆದರೆ ನಾನೇ ತಲೆಕೆಳಗಾಗಿ ನಿಂತ ಹಾಗೆ ಅನಿಸ್ತಿದೆ" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಯಾವ ಹಾಳೆ ಕೈಗೆ ಬಂದರೂ ನಾನು ಮೊದಲು ನೋಡುವುದು ಅದರ ಮೂಲೆ. ಮದುವೆ ಕರೆಯೋಲೆ ಬಂದರೂ ಹಾಗೆಯೇ, ಮನೆಯಲ್ಲಿ ನಗುತ್ತಾರೆ.

ನವಿ ಮುಂಬಯಿ ಬೆಳೆದ ಮೇಲೆ ಬಿಲ್ಡರುಗಳು ಬಂದರು. ಅವರಿಗೆ ಮಾಡೆಲ್ ಎಂದರೆ ಫ್ಲಾಟು ಮಾರುವ ಗಿಳಿ. ಒಬ್ಬ ಬಿಲ್ಡರ್ ತನ್ನ ಕಟ್ಟಡದಿಂದ ಖಾಡಿ ದೂರ ಕಾಣುತ್ತದೆ ಎಂದು ತಕರಾರು ತೆಗೆದ. ಖಾಡಿ ಎಂದರೆ ಸಮುದ್ರದ ಹಿನ್ನೀರು, ಅದು ಇದ್ದದ್ದೇ ದೂರದಲ್ಲಿ.

"ಖಾಡಿ ಥೋಡಾ ಪಾಸ್ ಲೇಕೆ ಆವೋ ಉಸ್ತಾದ್" ಎಂದ, ಖಾಡಿಯನ್ನು ಸ್ವಲ್ಪ ಹತ್ತಿರ ತನ್ನಿ ಎಂದು.

"ತರ್ತೀನಿ ಸೇಠ್" ಎಂದು ಉಸ್ತಾದ್ ಹಿಂದಿಯಲ್ಲಿ ಹೇಳಿದರು, "ಆದರೆ ಸಮುದ್ರ ಉಕ್ಕಿ ಭರತ ಬಂದಾಗ ನಿಮ್ಮ ಪಾರ್ಕಿಂಗಿಗೂ ನೀರು ಬರ್ತದೆ, ಅದನ್ನೂ ತೋರಿಸಬೇಕಾಗ್ತದೆ."

ಬಿಲ್ಡರ್ ನಕ್ಕ. ಖಾಡಿ ಇದ್ದಲ್ಲೇ ಉಳಿಯಿತು. ಎಲ್ಲ ಬಿಲ್ಡರುಗಳೂ ನಗುವುದಿಲ್ಲ. ಆಗ ಏನು ಮಾಡಬೇಕೆಂದು ನನ್ನನ್ನು ಕೇಳಬೇಡಿ. ನಮ್ಮ ವರ್ಕ್‌ಶಾಪಿನ ಮಾಡೆಲುಗಳಲ್ಲಿ ನೆಟ್ಟ ಕೆಲವು ಮರಗಳು ಇವತ್ತಿಗೂ ಖಾರ್‌ಘರ್‌ನಲ್ಲಿ ಬೆಳೆದಿಲ್ಲ.

ಇನ್ನೊಂದು ಮಾತು, ಕೆಲಸಕ್ಕೆ ಬರುವ ಮಾತು. ಮಾಡೆಲನ್ನು ಎಂದೂ ಲೋಕಲ್ ರೈಲಿನಲ್ಲಿ ಒಯ್ಯಬೇಡಿ. ಒಂದು ಕಾರ್ಖಾನೆಯ ಚಿಮಣಿಯನ್ನು ಎದೆಗವಚಿಕೊಂಡು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದ ನಮ್ಮವನೊಬ್ಬ ಥಾಣೆಯಲ್ಲಿ ಇಳಿದಾಗ ಚಿಮಣಿಯ ತುದಿ ಮುಂದಕ್ಕೆ ಹೋಗಿತ್ತು, ಬಹುಶಃ ದಾದರಿಗೆ.

ಇಷ್ಟೆಲ್ಲ ಹೇಳಿದ ಮೇಲೆ ವಿಮಾನದ ವಿಷಯ. ನನ್ನ ಕೈಯಿಂದ ಹೋದ ಮಾಡೆಲುಗಳಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಅದೊಂದೇ.

ವಿಜಯಕ್ಕ ವರ್ಕ್‌ಶಾಪಿಗೆ ಬಂದಾಗ ನಮ್ಮಲ್ಲಿ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಉಡುಪಿ ಕಡೆಯವರು, ನೌಪಾಡಾದಲ್ಲಿ ಅವರ ತಂದೆ ಕಟ್ಟಿದ ಸಸ್ಯಾಹಾರಿ ಹೋಟೆಲು, ಅದರ ಮೇಲಿನ ಮಹಡಿಯಲ್ಲಿ ಮನೆ. ಅವರು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಕನ್ನಡದವನೆಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಕೈಯಲ್ಲಿ ಒಂದು ಫೋಟೋ: ಬೆಳ್ಳಿಬಣ್ಣದ ಚಿಕ್ಕ ಯುದ್ಧವಿಮಾನ, ಅದರ ರೆಕ್ಕೆಗೆ ಒರಗಿ ನಿಂತ ತೆಳ್ಳಗಿನ ಯುವಕ.

"ನನ್ನ ಅಣ್ಣ, ರಘು" ಎಂದರು. "ಎಪ್ಪತ್ತೊಂದರ ಯುದ್ಧದಲ್ಲಿ ಹೋದವ ಬರ್ಲಿಲ್ಲ. ವಿಮಾನವೂ ಸಿಗ್ಲಿಲ್ಲ, ಅವನೂ ಸಿಗ್ಲಿಲ್ಲ. 'ಅವ ಯಾವುದರಲ್ಲಿ ಕೂತು ಹೋದ ಅಂತ ನಾನು ನೋಡ್ಲೇ ಇಲ್ಲ' ಅಂತ ಅಮ್ಮ ಈಗೀಗ ದಿನಾ ಹೇಳ್ತಾರೆ. ಅದಕ್ಕೆ ಒಂದು ಮಾಡಿಸಿ ಕೊಡುವ ಅಂತ."

ನಾನು ನನ್ನ ಮೂರನೆಯ ಪ್ರಶ್ನೆ ಕೇಳಿದೆ.

"ಹಾರುವ ಹಾಗೆ ಮಾಡಿ" ಎಂದರು ವಿಜಯಕ್ಕ, ಒಂದು ಚೂರೂ ಯೋಚಿಸದೆ. "ಒಳಗೆ ಪೈಲಟ್ ಕೂತಿರ್ಲಿ. ಗಾಜು ಮುಚ್ಚಿರ್ಲಿ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ."

ನ್ಯಾಟ್ ಎಂಬ ಈ ವಿಮಾನವನ್ನು ನಮ್ಮ ಬೆಂಗಳೂರಿನಲ್ಲೇ ಕಟ್ಟುತ್ತಿದ್ದರು. ಯುದ್ಧವಿಮಾನವೆಂದು ನಂಬಲಾಗದಷ್ಟು ಚಿಕ್ಕದು. ಒಂದು ಕಡೆ ಅಂಗಳದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ಹಳೆಯ ನ್ಯಾಟನ್ನು ನೋಡಲು ಅನುಮತಿ ಪಡೆದು, ಟೇಪು ಹಿಡಿದು ಸುತ್ತ ಅಳೆದು ಬಂದೆ. ಅದರ ಕಾಲುಗಳು ಗಿಡ್ಡ, ಹೊಟ್ಟೆ ನೆಲದ ಹತ್ತಿರ. ಅಲ್ಲಿದ್ದ ಒಬ್ಬರು ಒಂದು ವಿಶೇಷ ಹೇಳಿದರು: ಹಾರುವಾಗ ವೇಗ ತಗ್ಗಿಸಬೇಕಾದರೆ ಇದು ಚಕ್ರಗಳನ್ನೇ ಸ್ವಲ್ಪ ಕೆಳಗಿಳಿಸುತ್ತದೆ, ಗಾಳಿಗೆ ಅಡ್ಡವಾಗಲೆಂದು. ಚಕ್ರ ಹೊರಗೆ ಕಂಡಿತೆಂದು ನೆಲ ಬಂತು ಎನ್ನುವಂತಿಲ್ಲ.

ಹನ್ನೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಸಾಗವಾನಿಯಲ್ಲಿ ಮೈ ಕೆತ್ತಿದೆ. ತೊಟ್ಟಿಲ ಮಗುವಿನಷ್ಟು ಉದ್ದ ಬಂತು. ಬಣ್ಣಕ್ಕೆ ಮೊದಲು ಗಿರಾಕಿಗೆ ಬರಿಯ ಮರವನ್ನು ಒಮ್ಮೆ ತೋರಿಸುವುದು ಉಸ್ತಾದರ ಪದ್ಧತಿ. ಬಣ್ಣ ಬಿದ್ದ ಮೇಲೆ ಎಲ್ಲರೂ ಬಣ್ಣವನ್ನೇ ನೋಡುತ್ತಾರೆ, ಆಕಾರ ಯಾರಿಗೂ ಕಾಣುವುದಿಲ್ಲ. ಹಾಗೆ ಅದನ್ನು ಒಯ್ದು ನೌಪಾಡಾದ ಮನೆಯ ಮೆಟ್ಟಿಲು ಹತ್ತಿದೆ.

ವಿಜಯಕ್ಕನ ತಾಯಿ ಸುಮತಿಯಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದರು. ಗೋಡೆಯ ಮೇಲೆ ಎರಡು ಫೋಟೋ. ಯಜಮಾನರದ್ದಕ್ಕೆ ಗಂಧದ ಹಾರ. ಮಗನದ್ದಕ್ಕೆ ಏನೂ ಇಲ್ಲ. ನಾನು ಮರದ ವಿಮಾನವನ್ನು ಅವರ ಮಡಿಲಲ್ಲಿ ಇಟ್ಟೆ. ಎರಡೂ ಕೈಯಿಂದ ತಡವಿದರು, ಮೂಗಿನಿಂದ ಬಾಲದವರೆಗೆ, ಆಮೇಲೆ ಹೊಟ್ಟೆಯ ಕೆಳಗೆ.

"ಇದಕ್ಕೆ ಚಕ್ರ ಎಲ್ಲಿ ಉಂಟು?"

"ಹಾರುವಾಗ ಒಳಗೆ ಮಡಚಿಕೊಳ್ತದೆ ಅಮ್ಮ. ವಿಜಯಕ್ಕ ಹಾರುವ ಹಾಗೆ ಮಾಡ್ಲಿಕ್ಕೆ ಹೇಳಿದ್ದಾರೆ."

"ಅಂದ್ರೆ ಇದು ಇನ್ನೂ ಮೇಲೆಯೇ ಉಂಟು."

"ಹೌದು."

"ಇಷ್ಟು ವರ್ಷ ಮೇಲೆಯೇ ಇರ್ಲಿಕ್ಕೆ ಆಗ್ತದಾ ಮಾರಾಯ? ಎಣ್ಣೆ ಮುಗಿಯುದಿಲ್ವಾ?"

ನಾನು ಹಿಂದೆ ತಿರುಗಿ ನೋಡಿದೆ. ವಿಜಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಇಳಿಸು" ಎಂದರು ಸುಮತಿಯಮ್ಮ. "ಚಕ್ರ ಹಾಕಿ ಕೆಳಗೆ ಇಳಿಸು. ಒಳಗೆ ಗೊಂಬೆ ಗಿಂಬೆ ಬೇಡ. ಮೇಲಿನ ಗಾಜು ತೆರೆದಿಡು. ಇಳಿದು ಹೋಗುವವ ಬಾಗಿಲು ಹಾಕಿ ಹೋಗ್ತಾನಾ?"

"ಅಮ್ಮಾ, ನಾನು ಅವರಿಗೆ ಬೇರೆ ಹೇಳಿದ್ದೇನೆ" ಎಂದರು ವಿಜಯಕ್ಕ.

"ನೀನು ಹೇಳಿದ್ದು ನಿನಗೆ ಮಾಡಿಸಿಕೋ. ಇದು ನನಗಲ್ವಾ?"

ವಿಜಯಕ್ಕ ನನ್ನನ್ನು ಬಿಡಲು ಕೆಳಗಿನವರೆಗೆ ಬಂದರು. ಹೋಟೆಲಿನ ಹಿಂಬಾಗಿಲಲ್ಲಿ, ದೋಸೆ ಹಿಟ್ಟಿನ ಡ್ರಮ್ಮುಗಳ ಪಕ್ಕ ನಿಂತು ಮಾತಾಡಿದರು.

"ನೋಡಿ ಸದಾನಂದ, ಸರ್ಕಾರದವರು 'ಕಾಣೆ' ಅಂತ ಹೇಳಿಬಿಟ್ರು. ಸತ್ತ ಅಂತ ಹೇಳಿದ್ರೆ ಒಂದು ದಿನ ಅತ್ತು ಮುಗೀತಿತ್ತು. ಅಣ್ಣನ ಫೋಟೋಗೆ ಹಾರ ಇಲ್ಲ, ತಿಥಿ ಇಲ್ಲ. ಹಬ್ಬ ಬಂದ್ರೆ ಅವನಿಗೊಂದು ಎಲೆ ಹಾಕ್ತಾರೆ. ಅಪ್ಪ ಹಾಗೇ ಕಾದು ಹೋದ್ರು. ಅಮ್ಮ ಒಂದು ಸಲ, ಒಂದೇ ಸಲ, ಅವ ಇಲ್ಲ ಅಂತ ಬಾಯಿಬಿಟ್ಟು ಹೇಳಿ ಅಳ್ಬೇಕು. ಅವ ಒಳಗೆ ಕೂತು ಹಾರ್ತಾ ಹೋಗುದನ್ನು ಕಣ್ಣಾರೆ ನೋಡಿದ್ರೆ ಹೇಳ್ತಾರೋ ಏನೋ ಅಂತ ನಾನು... ನೀವು ಚಕ್ರ ಹಾಕಿ ಇಳಿಸಿದ್ರೆ ಅವರು ಇನ್ನೂ ಕಾಯ್ತಾರೆ. ಕಾಯ್ತಾ ಹೋಗಿಬಿಡ್ತಾರೆ."

ಸಮಾಧಾನ ಮಾಡಲೆಂದು ನಾನು ಚಕ್ರದ ವಿಶೇಷ ಹೇಳಿದೆ. ಚಕ್ರ ಇಳಿದಿದ್ದರೂ ನ್ಯಾಟ್ ಹಾರುತ್ತಿರಬಹುದು, ನೀವು ಹಾಗೆ ಅಂದುಕೊಳ್ಳಬಹುದು ಎಂದೆ.

"ಗಾಜು ತೆರೆದುಕೊಂಡು ಹಾರ್ತದಾ?" ಎಂದು ಕೇಳಿ ಅವರು ಒಳಗೆ ಹೋದರು. ಬುದ್ಧಿವಂತಿಕೆ ತೋರಿಸಲು ಹೋದವನಿಗೆ ತಕ್ಕ ಶಾಸ್ತಿ.

ಈ ಕಸುಬಿನಲ್ಲಿ ಇಂಥದ್ದು ಬರುತ್ತದೆ. ಆರ್ಡರ್ ಕೊಡುವವರು ಒಬ್ಬರು, ಇಟ್ಟುಕೊಳ್ಳುವವರು ಇನ್ನೊಬ್ಬರು. ಗಿರಾಕಿ ಯಾರು? ನಾನು ಉಸ್ತಾದರನ್ನು ಕೇಳಿದೆ. ಅವರು ಪಾಲಿಶ್ ಪೇಪರ್ ಉಜ್ಜುವುದನ್ನು ನಿಲ್ಲಿಸದೆ, "ಜಿಸ್‌ಕೀ ಗೋದ್ ಮೇ ಬೈಠೇಗಾ, ವಹೀ ಗಿರಾಕ್" ಎಂದರು. ಯಾರ ಮಡಿಲಲ್ಲಿ ಕೂರುತ್ತದೋ ಅವರೇ ಗಿರಾಕಿ. ನಾನು ಚಕ್ರ ಮಾಡಲು ಕುಳಿತೆ. ಹೊಟ್ಟೆಯನ್ನು ಕೊರೆದು ಹಿತ್ತಾಳೆಯ ಕಾಲು ಕೂರಿಸಿದೆ. ಗಾಜಿಗೆ ಅಕ್ರಿಲಿಕ್ ಹಾಳೆಯನ್ನು ಬಿಸಿ ಮಾಡಿ ಮರದ ಅಚ್ಚಿನ ಮೇಲೆ ಎಳೆದು, ಎತ್ತಿ ಇಳಿಸುವ ಹಾಗೆ ಪುಟ್ಟ ಕೀಲು ಹಾಕಿದೆ. ಒಳಗೆ ಸೀಟು ಮಾಡಿ ಖಾಲಿ ಬಿಟ್ಟೆ.

ಬಣ್ಣ ಮುಗಿದಾಗ ನವರಾತ್ರಿ ನಡೆಯುತ್ತಿತ್ತು. ನವಮಿಗೆ ತಯಾರಿರುತ್ತದೆ, ಮಾರನೆಯ ದಿನ ತಂದುಕೊಡುತ್ತೇನೆ ಎಂದು ಫೋನು ಮಾಡಿ ಹೇಳಿದೆ.

ವರ್ಕ್‌ಶಾಪುಗಳಲ್ಲಿ ನವಮಿಯೆಂದರೆ ಆಯುಧ ಪೂಜೆ. ಬೆಳಿಗ್ಗೆ ಮಷೀನು ತೊಳೆದು ಒರೆಸಿ, ಲೇತಿಗೆ, ಬ್ಯಾಂಡ್‌ಸಾ ಗರಗಸಕ್ಕೆ, ಉಳಿ ಸುತ್ತಿಗೆಗೆ ಎಲ್ಲಕ್ಕೂ ಚೆಂಡುಹೂವಿನ ಹಾರ, ಅರಿಸಿನ ಕುಂಕುಮ. ಆ ವರ್ಷ ಉಸ್ತಾದ್ ಎಂದೂ ಇಲ್ಲದ ಹುರುಪಿನಲ್ಲಿದ್ದರು. ಇಷ್ಟು ವರ್ಷ ಉಳಿ ಗರಗಸವನ್ನೇ ಆಯುಧ ಎನ್ನುತ್ತಿದ್ದೆವು, ಈ ಸಲ ನಿಜವಾದ ಆಯುಧವೇ ಮನೆಗೆ ಬಂದಿದೆ ಎಂದು ಹೇಳಿ, ವಿಮಾನವನ್ನು ನಡುವಿನ ಮೇಜಿನ ಮೇಲೆ ಇಡಿಸಿ, ಎಲ್ಲಕ್ಕಿಂತ ದಪ್ಪದ ಹಾರವನ್ನು ಅದಕ್ಕೇ ಹಾಕಿದರು. ಮೂಗಿನ ಮೇಲೆ ಕುಂಕುಮ ಇಟ್ಟರು. ಬಣ್ಣ ಇನ್ನೂ ಹಸಿ ಎಂದು ನಾನು ಹೇಳುವಷ್ಟರಲ್ಲಿ ಇಟ್ಟಾಗಿತ್ತು. ನಮಗ್ಯಾರಿಗೂ ಬೇರೆ ಏನೂ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು, ಸುಮತಿಯಮ್ಮನ ಗೋಡೆಯ ಎರಡು ಫೋಟೋಗಳನ್ನು ನಾನು ನೋಡಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ರಿಕ್ಷಾ ನಿಂತಿತು. ಸುಮತಿಯಮ್ಮನಿಗೆ ಮಾರನೆಯ ದಿನದವರೆಗೆ ತಡೆಯಲಾಗಿರಲಿಲ್ಲ. ವಿಜಯಕ್ಕನ ತೋಳು ಹಿಡಿದು ಒಳಗೆ ಬಂದವರು ಎರಡು ಹೆಜ್ಜೆಗೆ ನಿಂತುಬಿಟ್ಟರು.

ವಿಮಾನ ನಿಂತಿತ್ತು. ಚಕ್ರ ಇಳಿದಿತ್ತು, ಗಾಜು ತೆರೆದಿತ್ತು, ಸೀಟು ಖಾಲಿ ಇತ್ತು. ಎಲ್ಲ ಅವರು ಹೇಳಿದ ಹಾಗೆಯೇ. ಮೇಲೆ ಹಾರ.

"ಹಾರ ಹಾಕಿದ್ದೀರಿ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು. "ಯಾರು ಹೇಳಿದ್ರು ನಿಮಗೆ? ಏನಾದ್ರೂ ಸುದ್ದಿ ಬಂತಾ?"

ವಿಜಯಕ್ಕ ತಾಯಿಯನ್ನು ನೋಡುತ್ತಿದ್ದರು. ಮಗಳು ಅಷ್ಟು ವರ್ಷ ಕಾದಿದ್ದ ಗಳಿಗೆ ಅದೇ ಎಂದು ನನಗೆ ಅನಿಸಿತು. ಇನ್ನೊಂದು ಕ್ಷಣ ಯಾರೂ ಮಾತಾಡದಿದ್ದರೆ ಸುಮತಿಯಮ್ಮ ಅತ್ತುಬಿಡುತ್ತಿದ್ದರು, ಮಗನಿಗಾಗಿ ಕಾಯುವುದು ಮುಗಿದುಹೋಗುತ್ತಿತ್ತು.

ಉಸ್ತಾದರಿಗೆ ಕನ್ನಡ ಬಾರದು. ಮಗನ ಕತೆಯಾಗಲಿ, ಫೋಟೋದ ಕತೆಯಾಗಲಿ ಅವರಿಗೆ ಗೊತ್ತಿರಲಿಲ್ಲ. ಮುದುಕಿ ಹಾರದ ಕಡೆ ಕೈ ತೋರಿಸಿ ಏನೋ ಕೇಳಿದರೆಂದು ಅವರೇ ಮುಂದೆ ಬಂದು ಮರಾಠಿಯಲ್ಲಿ ಉತ್ತರ ಕೊಟ್ಟರು. "ಆಯೀ, ಆಜ್ ಖಂಡೇನವಮೀ. ಚಾಲೂ ಹತ್ಯಾರಾಲಾಚ್ ಹಾರ್ ಘಾಲತೋ ಆಮ್ಹೀ. ತುಟ್ಲೇಲ್ಯಾಲಾ ನಾಹೀ."

ಇವತ್ತು ಆಯುಧ ಪೂಜೆ, ಕೆಲಸದಲ್ಲಿರುವ ಆಯುಧಕ್ಕೆ ಮಾತ್ರ ಹಾರ ಹಾಕುತ್ತೇವೆ ತಾಯಿ, ಮುರಿದದ್ದಕ್ಕೆ ಹಾಕುವುದಿಲ್ಲ ಎಂದು. ಅಷ್ಟು ವರ್ಷ ಥಾಣೆಯಲ್ಲಿದ್ದ ಸುಮತಿಯಮ್ಮನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಸುತ್ತ ನೋಡಿದರು. ಲೇತಿಗೆ ಹಾರ, ಗರಗಸಕ್ಕೆ ಹಾರ. ಮೂಲೆಯಲ್ಲಿ ಮೋಟಾರು ಸುಟ್ಟ ಹಳೆಯ ಡ್ರಿಲ್ಲಿಂಗ್ ಮಷೀನು ಧೂಳು ಹಿಡಿದು ನಿಂತಿತ್ತು. ಮಗಳ ತೋಳು ಬಿಟ್ಟು ಅದರ ಹತ್ತಿರ ಹೋಗಿ ನಿಂತರು.

"ಇದಕ್ಕೆ ಯಾಕೆ ಇಲ್ಲ?" ಎಂದು ನನ್ನನ್ನು ಕೇಳಿದರು.

"ಅದು ಕೆಟ್ಟಿದೆ ಅಮ್ಮ."

"ಹೂಂ" ಎಂದರು. ಮೇಜಿನ ಹತ್ತಿರ ಬಂದು, ತಟ್ಟೆಯಿಂದ ಒಂದು ಹೂವೆತ್ತಿ ವಿಮಾನದ ಖಾಲಿ ಸೀಟಿನ ಮೇಲೆ ಇಟ್ಟರು. "ಹಾಗಾದ್ರೆ ಇರ್ಲಿ, ಹಾರ ತೆಗೀಬೇಡಿ. ಹೀಗೇ ತೆಕ್ಕೊಂಡು ಹೋಗುವ."

ವಿಜಯಕ್ಕ ಉಸ್ತಾದರ ಕಡೆ ಒಮ್ಮೆ ನೋಡಿದರು. ಆ ನೋಟ ಉಸ್ತಾದರಿಗೆ ಅರ್ಥವಾಗಲಿಲ್ಲ, ಅವರು ಪ್ರಸಾದದ ಪೊಟ್ಟಣ ಕೊಟ್ಟರು. ಹಾರ ಹೊತ್ತ ಯುದ್ಧವಿಮಾನ ಸುಮತಿಯಮ್ಮನ ಮಡಿಲಲ್ಲಿ ಕುಳಿತು ರಿಕ್ಷಾದಲ್ಲಿ ನೌಪಾಡಾಕ್ಕೆ ಹೋಯಿತು.

ನಾನು ಹೆದರಿದ್ದಂತೆ ಕುಂಕುಮದ ಬಣ್ಣ ಹಸಿ ಪೇಂಟಿನೊಳಗೆ ಇಳಿದಿತ್ತು. ಕೆಂಪು ಕಲೆ ನಿಂತಿದೆಯಂತೆ ಎಂದು ತಿಳಿದು, ಮತ್ತೆ ಬಣ್ಣ ಹೊಡೆದುಕೊಡುತ್ತೇನೆ ಎಂದು ಹೇಳಿಕಳಿಸಿದೆ. ಬೇಡವೆಂದರು. ಪ್ರತಿ ವರ್ಷ ನವಮಿಗೆ ಸುಮತಿಯಮ್ಮ ಅದೇ ಜಾಗದಲ್ಲಿ ಕುಂಕುಮ ಇಟ್ಟು ಹಾರ ಹಾಕುತ್ತಾರೆಂದು ಆಮೇಲೆ ಹೋಟೆಲಿನವರಿಂದ ಕೇಳಿದೆ. ಉಸ್ತಾದರಿಗೆ ಇಡೀ ಕತೆಯನ್ನು ನಾನು ಹೇಳಿದ್ದು ಎಷ್ಟೋ ದಿನದ ಮೇಲೆ. ಅವರು ಮರುದಿನ ಆ ಹಳೆಯ ಡ್ರಿಲ್ಲಿಂಗ್ ಮಷೀನನ್ನು ರಿಪೇರಿಗೆ ಕಳಿಸಿದರು.

ಆಮೇಲೆ ಕಂಪ್ಯೂಟರ್ ಬಂತು. ಪೈಪುಗಳನ್ನು ಪರದೆಯ ಮೇಲೆಯೇ ತಿರುಗಿಸಿ ನೋಡುವುದು ಸಾಧ್ಯವಾದ ಮೇಲೆ ಕಾರ್ಖಾನೆಯ ಮಾಡೆಲು ಯಾರಿಗೂ ಬೇಡವಾಯಿತು. ಲೇಸರ್ ಬಂತು, ನಾವು ವಾರಗಟ್ಟಲೆ ಕೊರೆಯುತ್ತಿದ್ದ ಕಿಟಕಿಗಳನ್ನು ಅದು ಚಹಾ ಕುಡಿಯುವಷ್ಟರಲ್ಲಿ ಕತ್ತರಿಸಿತು. ಈಗ ಡೊಂಬಿವಲಿಯ ನಮ್ಮ ಗಲ್ಲಿಯಲ್ಲೇ ಒಂದು ಅಂಗಡಿಯಲ್ಲಿ ಪೆಟ್ಟಿಗೆಯಂಥ ಯಂತ್ರ ಸೂಜಿಯಿಂದ ಪ್ಲಾಸ್ಟಿಕ್ ಸುರಿದು ಬೇಕಾದ ಆಕಾರ ಎಬ್ಬಿಸುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಮರಳು ಕಾಗದ ಹಿಡಿದು ಬೆರಳ ತುದಿ ಸವೆಸಿಕೊಂಡವರಿಗೆ ಹಳೆಯ ಕಾಲ ಚೆನ್ನಾಗಿತ್ತು ಎನ್ನುವ ಹುಚ್ಚು ಇರುವುದಿಲ್ಲ. ಅಷ್ಟು ಬೇಗ ಮುಗಿಯುವ ಕೆಲಸದಲ್ಲಿ ಬರಿಯ ಮರವನ್ನು ಗಿರಾಕಿಯ ಮಡಿಲಲ್ಲಿಟ್ಟು ಕಾಯುವ ಹೊತ್ತು ಎಲ್ಲಿ ಸಿಗುತ್ತದೆ ಎಂಬುದೊಂದೇ ನನ್ನ ಸಂಶಯ.

ಈ ಮಳೆಗಾಲ ಮುಗಿಯುತ್ತಿದ್ದ ಹಾಗೆ ವಿಜಯಕ್ಕ ನಮ್ಮ ಮನೆಗೆ ಬಂದರು. ಅವರಿಗೂ ಈಗ ವಯಸ್ಸಾಗಿದೆ, ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಜೊತೆಯಲ್ಲಿ ಹಾಸಿಗೆ ಚಾದರದಲ್ಲಿ ಸುತ್ತಿದ ಗಂಟು. ಸುಮತಿಯಮ್ಮ ತುಂಬು ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿತ್ತು. ಗಂಟು ಬಿಚ್ಚಿದರೆ ನ್ಯಾಟ್. ಒಂದು ಕಾಲು ಬುಡದಲ್ಲಿ ಸಡಿಲಾಗಿ ಮಡಚಿಕೊಂಡಿತ್ತು, ಒಂದು ರೆಕ್ಕೆ ನೆಲಕ್ಕೆ ತಾಗುತ್ತಿತ್ತು. ಮೂಗಿನ ಮೇಲೆ ವರ್ಷ ವರ್ಷದ ಕುಂಕುಮ ಪದರಗಟ್ಟಿತ್ತು.

ಅವರು ಯಾಕೆ ಬಂದಿದ್ದಾರೆಂದು ನನಗೆ ಗೊತ್ತು ಎಂದುಕೊಂಡೆ. ಇನ್ನು ಬೇಡ ಎನ್ನುವವರು ಯಾರೂ ಇಲ್ಲ. ಇನ್ನೊಂದು ಕಾಲನ್ನೂ ಒಳಗೆ ಮಡಚಿ, ಗಾಜು ಮುಚ್ಚಿ, ಸ್ಟ್ಯಾಂಡು ಹಾಕಿದರೆ ಅವರು ಮೊದಲ ದಿನ ಕೇಳಿದ್ದ ವಿಮಾನವಾಗುತ್ತದೆ. ನಾನೇ ಮಾತು ತೆಗೆದೆ.

"ಹಾರುವ ಹಾಗೆ ಮಾಡಿಕೊಡ್ಲಾ ವಿಜಯಕ್ಕ? ಈಗಲೂ ಆಗ್ತದೆ."

ಅವರು ಗಾಜನ್ನು ಬೆರಳಿನಿಂದ ಎತ್ತಿ ನೋಡಿದರು, ಕೀಲು ಇನ್ನೂ ಸಲೀಸಾಗಿತ್ತು.

"ಅಮ್ಮನ ಕಾರ್ಯದ ದಿನ ಭಟ್ರು ಕೇಳಿದ್ರು" ಎಂದರು. "ಅಣ್ಣನ ಹೆಸರೂ ಸೇರಿಸಿಬಿಡುವುದಾ, ಒಟ್ಟಿಗೇ ಮುಗೀತದೆ ಅಂತ. ಇಷ್ಟು ವರ್ಷ ನಾನೇ ಬೇಕು ಬೇಕು ಅಂತ ಇದ್ದದ್ದಲ್ವಾ? ಹೂಂ ಅಂತ ಹೇಳ್ಲಿಕ್ಕೆ ಹೋದೆ. ನನಗೆ ಬಾಯೇ ಬರ್ಲಿಲ್ಲ ಸದಾನಂದ."

ನನ್ನ ಹೆಂಡತಿ ಕಾಫಿ ತಂದಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ಕಾಲು ಸರಿ ಮಾಡಿ, ಸಾಕು. ಕುಂಕುಮ ಉಜ್ಜಬೇಡಿ. ಮುರಿದದ್ದಕ್ಕೆ ಹಾರ ಹಾಕ್ಲಿಕ್ಕಿಲ್ಲ ಅಂತ ನಿಮ್ಮ ಉಸ್ತಾದರೇ ಹೇಳಿದ್ದಲ್ವಾ. ನವಮಿ ಹತ್ತಿರ ಬಂತು."

ಕಾಲು ಈಗ ಕೂತಿದೆ. ಹಿತ್ತಾಳೆ ಮೊಳೆ ಹೊಸದು, ಉಳಿದದ್ದೆಲ್ಲ ಹಳೆಯದೇ. ನಿನ್ನೆಯಿಂದ ನ್ಯಾಟ್ ನನ್ನ ಮೇಜಿನ ಮೇಲೆ ಅಲುಗಾಡದೆ ನಿಂತಿದೆ, ಗಾಜು ತೆರೆದುಕೊಂಡು. ನಾಳೆ ನೌಪಾಡಾಕ್ಕೆ ಒಯ್ದು ಕೊಡಬೇಕು. ರೈಲಿನಲ್ಲಲ್ಲ, ರಿಕ್ಷಾದಲ್ಲಿ, ಮಡಿಲಲ್ಲಿ ಇಟ್ಟುಕೊಂಡು.